ಇಬ್ಬರೂ ಹಿಡಿದ ಪಥ್ಯ

ಹುಕ್ಕೇರಿಯ ಮಾಮಲೇದಾರ ಕಚೇರಿಯ ಎದುರಿಗೆ ಬೇವಿನ ಮರದ ಕೆಳಗೆ ಕೂತು ಊರವರ ಅರ್ಜಿ ಬರೆಯುವುದು ನನ್ನ ಕೆಲಸ. ಹೊಲದ ತಂಟೆ, ಬಾವಿಯ ತಂಟೆ, ಅಣ್ಣತಮ್ಮಂದಿರ ತಂಟೆ, ಎಲ್ಲಕ್ಕೂ ಒಂದೊಂದು ಒಕ್ಕಣೆ ಇದೆ. ಎಲ್ಲಿ ‘ದಯಾಳುಗಳಾದ ತಾವು’ ಹಾಕಬೇಕು, ಎಲ್ಲಿ ‘ಬಡವನ ಮೇಲೆ ಕೃಪೆಯಿಟ್ಟು’ ಹಾಕಬೇಕು ಎನ್ನುವುದು ನನ್ನ ಕೈಗೇ ಗೊತ್ತು, ತಲೆಗೆ ಕೆಲಸವಿಲ್ಲ. ನನ್ನ ರೋಗದ ಕಥೆಗೆ ಮಾತ್ರ ಅಂಥ ಒಕ್ಕಣೆ ಸಿಗಲಿಲ್ಲ. ಯಾರಿಗೆ ಬರೆಯುವುದು, ಏನೆಂದು ಬೇಡುವುದು? ಹೀಗಾಗಿ ಇಷ್ಟು ದಿನ ಸುಮ್ಮನಿದ್ದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಒಂದೇ ರೋಗ ನನಗೂ ಬಂತು, ನನ್ನ ಹೆಂಡತಿ ನೀಲವ್ವನಿಗೂ ಬಂತು. ನಾನು ಗುಣವಾದೆ, ಅವಳು ಹೋದಳು. ಧೈರ್ಯ ಬೇಕೆಂದು ಇದನ್ನು ಓದುವವರಿಗೆ ಕೊಡುವುದಕ್ಕೆ ನನ್ನ ಹತ್ತಿರ ಹೆಚ್ಚೇನೂ ಇಲ್ಲ. ಇಂಥದ್ದು ಇನ್ನೊಂದು ಮನೆಯಲ್ಲೂ ಆಗಿದ್ದರೆ, ಲೋಕದಲ್ಲಿ ತಾವೊಬ್ಬರೇ ಇಂಥ ಮೂರ್ಖರೆಂದು ಅವರು ತಿಳಿಯದಿರಲಿ ಎಂದು ಬರೆಯುತ್ತಿದ್ದೇನೆ, ಅಷ್ಟೇ.

ಯುದ್ಧ ನಡೆದಿತ್ತು. ಸಕ್ಕರೆ, ಸೀಮೆಎಣ್ಣೆ ಎಲ್ಲ ಚೀಟಿಗೆ ಸಿಗುತ್ತಿದ್ದ ಕಾಲ. ನನಗೆ ಹೊಟ್ಟೆಯಲ್ಲಿ ಉರಿ ಶುರುವಾಯಿತು. ಮೊದಮೊದಲು ಉಂಡ ಮೇಲೆ ಉರಿಯುತ್ತಿತ್ತು, ಆಮೇಲೆ ಉಣ್ಣದಿದ್ದರೂ ಉರಿಯತೊಡಗಿತು. ಅರ್ಜಿ ಬರೆಯುತ್ತ ಬರೆಯುತ್ತ ಲೇಖನಿ ಕೆಳಗಿಟ್ಟು ಹೊಟ್ಟೆ ಹಿಚುಕಿಕೊಂಡು ಕೂರುತ್ತಿದ್ದೆ. ಕಕ್ಷಿಗಾರರು ತಮ್ಮ ಕಷ್ಟ ಕೇಳಿ ನನಗೆ ಸಂಕಟವಾಗುತ್ತಿದೆ ಎಂದುಕೊಂಡು ಇನ್ನಷ್ಟು ಹೇಳುತ್ತಿದ್ದರು. ಕೊನೆಗೆ ನೀಲವ್ವ ಬಿಡಲಿಲ್ಲ. ಯಮಕನಮರಡಿಯಲ್ಲಿ ಒಬ್ಬ ಪಂಡಿತರಿದ್ದಾರೆ, ನಾಡಿ ಹಿಡಿದರೆ ನಿನ್ನೆ ಉಂಡದ್ದು ಹೇಳುತ್ತಾರೆ ಎಂದು ಯಾರೋ ಅವಳಿಗೆ ಹೇಳಿದ್ದರು. ಇಬ್ಬರೂ ಹೋದೆವು.

ಪಂಡಿತರು ನಾಡಿ ಹಿಡಿದು ಕಣ್ಣು ಮುಚ್ಚಿದರು. ಕಣ್ಣು ತೆರೆದು, “ಹೊಟ್ಟ್ಯಾಗ ಹುಣ್ಣ ಆಗೈತಿ,” ಎಂದರು. “ಹುಳಿ, ಖಾರ, ತೊಪ್ಪಲ, ಹಸೀದು ಯಾವುದೂ ಮುಟ್ಟಬ್ಯಾಡ್ರಿ. ಹಾಲು ಅರ್ಧಕ್ಕ ಇಳಿಯೂತನಕ ಕಾಸಿ ಕುಡೀರಿ. ಗಂಜಿ, ರವೆ ಸಜ್ಜಕ, ತುಪ್ಪ ಉಣ್ರಿ. ಮೂರು ತಿಂಗಳಾದ ಮ್ಯಾಲೆ ಬಂದು ಮಾರಿ ತೋರಸ್ರಿ.”

ನಮ್ಮ ಕಡೆಯ ಊಟ ಬಲ್ಲವರಿಗೆ ಈ ಮಾತಿನ ತೂಕ ಗೊತ್ತಾಗುತ್ತದೆ. ರೊಟ್ಟಿಯ ಬಾಜೂಕ್ಕೆ ಹಸಿ ಮೆಣಸಿನಕಾಯಿ, ಉಳ್ಳಾಗಡ್ಡಿ, ಹಸಿ ಮೆಂತ್ಯದ ತೊಪ್ಪಲು, ಒಂದು ಹೋಳು ಲಿಂಬೆ ಇಲ್ಲದಿದ್ದರೆ ಅದು ಊಟವೇ ಅಲ್ಲ. ಅದೆಲ್ಲ ಒಂದೇ ದಿನ ಹೋಯಿತು. ನೀಲವ್ವ ತನ್ನ ತಾಟಿನಿಂದಲೂ ಅದನ್ನೆಲ್ಲ ತೆಗೆದಳು. ನಮ್ಮ ಮನೆಯಲ್ಲಿ ಮಾಡಿದ ಅಡಿಗೆಯನ್ನು ಲಿಂಗಕ್ಕೆ ತೋರಿಸಿ ಆಮೇಲೆ ಉಣ್ಣುವುದು ರೂಢಿ. ಒಂದು ಅಡಿಗೆ, ಒಂದು ಪ್ರಸಾದ. ಗಂಡನಿಗೊಂದು ಹೆಂಡತಿಗೊಂದು ಬೇರೆ ಬೇರೆ ಬೇಯಿಸುವುದು ಅವಳಿಗೆ ಸರಿಬರಲಿಲ್ಲ.

“ನೀ ಯಾಕ ಬಿಡತಿ? ನಿನ್ನ ಹೊಟ್ಟಿಗೇನಾಗೈತಿ?” ಎಂದು ಕೇಳಿದೆ.

“ನೀವು ಗಂಜಿ ಕುಡಕೊಂತ ಕುಂತಾಗ ನಾ ಮೆಣಸಿನಕಾಯಿ ಕಡಕೊಂಡ ಉಣ್ಣಾಕ ಮನಸ್ಸ ಹ್ಯಾಂಗ ಬರತೈತ್ರಿ?” ಎಂದಳು.

ನನಗೆ ಹೆಮ್ಮೆಯಾಯಿತು. ಸುಳ್ಳೇಕೆ ಹೇಳಲಿ, ಕಚೇರಿ ಕಟ್ಟೆಯ ಮೇಲೆ ನಾಲ್ಕು ಜನರ ಮುಂದೆ ಈ ಮಾತನ್ನು ಕೊಚ್ಚಿಕೊಂಡೆ ಕೂಡ. ಇಂಥ ಹೆಂಡತಿ ಯಾರಿಗೆ ಸಿಗುತ್ತಾಳೆ ಎಂದು ಅವರು ತಲೆದೂಗಿದರು.

ನಮ್ಮ ಓಣಿಗೆ ದಿನಾ ಬುಟ್ಟಿ ಹೊತ್ತು ಬರುತ್ತಿದ್ದವಳು ಬಾಗವಾನರ ಫಾತಿಮಾಬಿ. ತೊಪ್ಪಲು, ಕಾಯಿಪಲ್ಲೆ, ಲಿಂಬೆ, ಪೇರಲ ಮಾರುವವಳು. ನೀಲವ್ವನಿಗೆ ಗೆಳತಿ. ನಮ್ಮ ಬಾಗಿಲಲ್ಲಿ ಬುಟ್ಟಿ ಇಳಿಸಿ ಒಂದು ಚೆಂಬು ನೀರು ಕುಡಿದು, ಓಣಿಯ ಸುದ್ದಿಯೆಲ್ಲ ಹೇಳಿಯೇ ಮುಂದಕ್ಕೆ ಹೋಗುವುದು ಅವಳ ಪದ್ಧತಿ. ಪಥ್ಯ ಶುರುವಾದ ಮೇಲೂ ಬುಟ್ಟಿ ಇಳಿಯುತ್ತಿತ್ತು, ವ್ಯಾಪಾರ ಮಾತ್ರ ನಿಂತಿತು. “ಅಕ್ಕಾ, ಒಂದ ಸಿವುಡ ಮೆಂತೆ ತಗೋ, ನೀ ಒಬ್ಬಾಕೀನ ಉಣ್ಣು,” ಎನ್ನುತ್ತಿದ್ದಳು. ನೀಲವ್ವ ನಕ್ಕು ತಲೆಯಾಡಿಸುತ್ತಿದ್ದಳು.

ಮೂರು ತಿಂಗಳಲ್ಲಿ ಹೊಟ್ಟೆಯ ಉರಿ ಹೋಯಿತು. ಅಲ್ಲಿಗೆ ಪಥ್ಯ ಬಿಡಬೇಕಿತ್ತು. ಆದರೆ ಆ ಉರಿಯನ್ನು ತಿಂದವನಿಗೆ ಹುಳಿಯ ಹೆಸರು ಕೇಳಿದರೂ ಎದೆ ಝಲ್ಲೆನ್ನುತ್ತದೆ. ಇನ್ನೊಂದು ತಿಂಗಳು ಇರಲಿ, ಶ್ರಾವಣ ಕಳೆಯಲಿ, ದೀಪಾವಳಿ ಆಗಲಿ ಎನ್ನುತ್ತ ವರ್ಷ ದಾಟಿಸಿದೆ. ನನ್ನ ಜೊತೆ ಅವಳೂ ದಾಟಿಸಿದಳು.

ಮೊದಲು ವಸಡು ಊದಿತು. ಬೇವಿನ ಕಡ್ಡಿಯಿಂದ ಹಲ್ಲು ತಿಕ್ಕಿದರೆ ಕಡ್ಡಿ ಕೆಂಪಾಗುತ್ತಿತ್ತು. ಕಾಲಲ್ಲಿ ನೋವು, ಮೈಯಲ್ಲಿ ಸೀಸ ತುಂಬಿದಂಥ ದಣಿವು. ತೊಡೆಯ ಮೇಲೆ ಕೆಂಪು ಚುಕ್ಕೆಗಳೆದ್ದವು, ಆಮೇಲೆ ಯಾರೋ ಬಡಿಗೆಯಿಂದ ಬಾರಿಸಿದ ಹಾಗೆ ನೀಲಿಗಟ್ಟಿದವು. ನಾನು ಹೆದರಿದ್ದು ಇನ್ನೊಂದಕ್ಕೆ. ಚಿಕ್ಕಂದಿನಲ್ಲಿ ಕುಡುಗೋಲು ತಾಗಿ ಮೊಣಕಾಲ ಕೆಳಗೆ ಗಾಯವಾಗಿತ್ತು. ಇಪ್ಪತ್ತೈದು ವರ್ಷ ಮುಚ್ಚಿಕೊಂಡಿದ್ದ ಆ ಕಲೆ ಒಂದು ಮುಂಜಾನೆ ತಾನಾಗಿಯೇ ಬಿಚ್ಚಿಕೊಂಡಿತು. ನನ್ನ ಮೈ ತನ್ನ ಹಳೆಯ ಗಾಯಗಳನ್ನೆಲ್ಲ ನೆನಪು ಮಾಡಿಕೊಂಡು ತೆರೆಯುತ್ತಿದೆ ಎಂದು ತಿಳಿದು ಅಂದು ಅತ್ತುಬಿಟ್ಟೆ.

ಓಣಿಯಲ್ಲಿ ಮಹಾರೋಗವಿರಬೇಕೆಂದು ಗುಸುಗುಸು ಹಬ್ಬಿತು. ಅರ್ಜಿ ಬರೆಸುವವರು ಎರಡು ಮಾರು ದೂರ ನಿಂತು ಹೇಳತೊಡಗಿದರು. ಬರೆದ ಕಾಗದವನ್ನು ಕೆಲವರು ಧೋತರದ ಚುಂಗಿನಿಂದ ಹಿಡಿದುಕೊಂಡು ಹೋದರು. ಮತ್ತೆ ಯಮಕನಮರಡಿಗೆ ಹೋದೆ. ಪಂಡಿತರು ಬಾಯಿ ನೋಡಿ ಹಿಂದೆ ಸರಿದರು. “ಎಲ್ಲೋ ಹುಳಿ ಮುಟ್ಟೀರಿ. ಅದಕ್ಕ ಹಲ್ಲು ಸಡಿಲಾಗ್ಯಾವು. ಇನ್ನ ಮ್ಯಾಲೆ ಮಜ್ಜಿಗೀನೂ ಬಿಡ್ರಿ,” ಎಂದರು. ಹಲ್ಲು ಸಡಿಲಾದವನಿಗೆ ಹುಳಿ ಕೊಟ್ಟರೆ ಹಲ್ಲು ಉದುರುತ್ತವೆ ಎನ್ನುವುದು ನಮ್ಮ ಕಡೆ ಎಲ್ಲರೂ ನಂಬಿದ ಮಾತು. ನಾನೂ ನಂಬಿದೆ. ಮನೆಗೆ ಬಂದು ಮಜ್ಜಿಗೆ ಬಿಟ್ಟೆ. ಅವಳೂ ಬಿಟ್ಟಳು.

ಗೋಕಾಕದ ಡಾಕ್ಟರರ ವಿಷಯ ಹೇಳಿದ್ದು ಫಾತಿಮಾಬಿಯೇ. ಹಿಂದಿನ ಮಹಾಯುದ್ಧದಲ್ಲಿ ಬಸ್ರಾ ಕಡೆ ಪಲ್ಟಣಿನ ಜೊತೆ ಇದ್ದು ಬಂದವರು, ವಯಸ್ಸಾಗಿದೆ, ಆದರೆ ರೋಗಿಯನ್ನು ಮುಟ್ಟಿ ನೋಡುತ್ತಾರೆ ಎಂದಳು. ಮುಟ್ಟಿ ನೋಡುತ್ತಾರೆ ಎನ್ನುವ ಮಾತಿಗೇ ನಾನು ಹೊರಟೆ. ಪೆಟ್ರೋಲು ಸಿಗದ ಕಾಲ, ಇದ್ದಿಲ ಹೊಗೆಯಿಂದ ನಡೆಯುವ ಸರ್ವಿಸ್ ಮೋಟಾರು. ಏರು ಬಂದಲ್ಲೆಲ್ಲ ಗಟ್ಟಿಮುಟ್ಟಾದವರು ಇಳಿದು ನಡೆದರು, ನಾನು ಒಬ್ಬನೇ ಒಳಗೆ ಕೂತಿದ್ದೆ.

ದವಾಖಾನೆಯ ಪಡಸಾಲೆಯಲ್ಲಿ ಕೂರುವುದಕ್ಕೆ ಎರಡು ಉದ್ದನೆಯ ಬಾಕು. ಗಿರಣಿಯ ಕೆಲಸಗಾರರು, ಕೂಸು ಎತ್ತಿಕೊಂಡ ಹೆಂಗಸರು, ಕೌಜಲಗಿಯಿಂದ ಚಕ್ಕಡಿಯಲ್ಲಿ ಬಂದಿದ್ದ ಒಬ್ಬ ಮುದುಕ. ಕಂಪೌಂಡರ್ ಬಾಟಲಿಗಳಿಗೆ ಕಾಗದದ ಗುರುತು ಅಂಟಿಸುತ್ತಿದ್ದ. ನನ್ನ ಬಾಯಿಯ ವಾಸನೆಗೆ ಪಕ್ಕದವರು ಒಬ್ಬೊಬ್ಬರೇ ಎದ್ದರು. ಆ ಮುದುಕ ಮಾತ್ರ ಏಳಲಿಲ್ಲ. “ನನಗ ಮೂಗಿನ ಶುದ್ಧಿಲ್ಲ, ಕುಂಡ್ರಪಾ,” ಎಂದು ನಕ್ಕ. ಆ ವರ್ಷದಲ್ಲಿ ಹೊರಗಿನವರು ನನಗೆ ಆಡಿದ ಒಳ್ಳೆಯ ಮಾತು ಅದೊಂದೇ ಇರಬೇಕು.

ಡಾಕ್ಟರರು ವಸಡನ್ನು ಬೆರಳಿನಿಂದ ಒತ್ತಿದರು, ಕಾಲು ನೋಡಿದರು, ಬಿಚ್ಚಿದ ಗಾಯ ನೋಡಿದರು. ಏನು ಉಣ್ಣುತ್ತೀರಿ ಎಂದು ಕೇಳಿದರು. ಹೇಳಿದೆ.

“ಹುಳಿ? ಹಸಿ ತೊಪ್ಪಲ?”

“ವರ್ಷದ ಮ್ಯಾಲಾತು, ಮುಟ್ಟಿಲ್ಲರಿ,” ಎಂದೆ. ಪರೀಕ್ಷೆಯಲ್ಲಿ ಪಾಸಾದವನ ಧಾಟಿ ನನ್ನದು.

ಅವರು ಲೇಖನಿ ಕೆಳಗಿಟ್ಟರು. “ಬಸ್ರಾದಾಗ ನಮ್ಮ ಸಿಪಾಯಿಗಳ ಬಾಯಿ ಥೇಟ ಹಿಂಗ ಆಗಿದ್ದವು. ಅವರಿಗೆ ಪಾಪ, ತಿನ್ನಾಕ ಸಿಗತಿರಲಿಲ್ಲ. ನೀವು ಹುಕ್ಕೇರಿ ಪ್ಯಾಟ್ಯಾಗ ಕುಂತ ಈ ರೋಗ ತಂದಕೊಂಡೀರಿ. ಹಣ್ಣಿನಾಗ, ಹಸಿ ತೊಪ್ಪಲದಾಗ ಒಂದ ಸತ್ವ ಇರತೈತಿ, ಸಿ ಜೀವಸತ್ವ ಅಂತಾರ. ಕಾಸಿ ಕುದಿಸಿದರ ಹೋಗಿಬಿಡತೈತಿ. ಅದಿಲ್ಲಂದರ ಮೈಯೊಳಗಿನ ಹೊಲಿಗೀನ ಬಿಚ್ಚತೈತಿ.”

ನನಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಅವರು ಒಂದು ಬಾಟಲಿ ಗುಳಿಗೆ ಕೊಟ್ಟರು. ಮುಂಬೈಯಿಂದ ಬರುವುದೇ ಕಷ್ಟವಾಗಿದೆ, ಜೋಪಾನ ಎಂದರು. “ದಿನಾ ಮೂರು ಗುಳಿಗಿ. ಎರಡು ಲಿಂಬಿ ನೀರಾಗ ಹಿಂಡಿ, ಉಂಡ ಮ್ಯಾಲೆ ಕುಡೀರಿ. ಬರೀ ಹೊಟ್ಟೀಲೆ ಬ್ಯಾಡ, ನಿಮ್ಮದು ಮೊದಲ ಹುಣ್ಣಿನ ಹೊಟ್ಟಿ. ಹೆಚ್ಚ ತಗೊಂಡರ ಲಗೂ ಆರಾಮ ಆಗೂದಿಲ್ಲ, ನೆಪ್ಪಿರಲಿ. ಹೊಟ್ಟಿ ಕೆಟ್ಟು ಜುಲಾಬ ಹತ್ತತೈತಿ.” ನಾನು ಏಳುವಾಗ ಮತ್ತೊಂದು ಮಾತು ಕೇಳಿದರು. “ಮನ್ಯಾಗ ಮತ್ಯಾರಿಗರೆ ಹಿಂಗ ಐತೇನು?”

“ಇಲ್ಲರಿ, ಎಲ್ಲಾರೂ ಆರಾಮ ಅದಾರ,” ಎಂದೆ. ಎಲ್ಲರೂ ಎಂದರೆ ನೀಲವ್ವ ಒಬ್ಬಳೇ. ಅವಳ ಬಾಯಿಯನ್ನು ನಾನು ನೋಡಿರಲಿಲ್ಲ.

ಹೇಗೆ ನೋಡಲಿಲ್ಲ ಎಂದು ಈಗಿನವರು ಕೇಳಬಹುದು. ನಮ್ಮಲ್ಲಿ ಹೆಂಗಸರು ಗಂಡಸರ ಊಟವಾದ ಮೇಲೆ ಒಳಗೆ, ಬಾಗಿಲ ಮರೆಯಲ್ಲಿ ಕೂತು ಉಣ್ಣುತ್ತಾರೆ. ಮಾತನಾಡುವಾಗ, ನಗುವಾಗ ಸೆರಗಿನ ತುದಿ ಬಾಯಿಗೆ ಬರುತ್ತದೆ. ಹನ್ನೆರಡು ವರ್ಷದ ಸಂಸಾರದಲ್ಲಿ ಅವಳು ಉಣ್ಣುವುದನ್ನು ನಾನು ಒಮ್ಮೆಯೂ ಎದುರು ಕೂತು ನೋಡಿದವನಲ್ಲ. ಸೆರಗು ಬಾಯಿಯಿಂದ ಇಳಿಯುವುದೇ ಕಡಿಮೆಯಾಗಿದೆ ಎನ್ನುವುದು ಗಮನಕ್ಕೆ ಬಂದಿರಬೇಕು, ನಾಚಿಕೆ ಎಂದುಕೊಂಡೆನೋ ಏನೋ. ನಾಗರಪಂಚಮಿಗೆ ತವರಾದ ಮೂಡಲಗಿಗೂ ಅವಳು ಹೋಗಲಿಲ್ಲ. ಕರೆಯಲು ಬಂದ ತಮ್ಮನನ್ನು ಬಾಗಿಲಿಂದಲೇ ಕಳಿಸಿದಳು. ತವರಿನಲ್ಲಿ ಅವಳ ತಾಟು ನೋಡುವವರಿದ್ದರು. ಹೋಗಿದ್ದರೆ ಉಳಿಯುತ್ತಿದ್ದಳೋ ಏನೋ.

ಮೊದಲ ಲಿಂಬೆ ಕುಡಿಯುವ ದಿನ ಬಟ್ಟಲನ್ನು ಎರಡು ಸಲ ಕೆಳಗಿಟ್ಟೆ. ನೀಲವ್ವ ಬಟ್ಟಲು ಹಿಡಿದು, “ಶಿವಾ ಅನ್ರಿ, ಕುಡೀರಿ,” ಎಂದಳು. ವಸಡು ಬೆಂಕಿ ಬಿದ್ದ ಹಾಗೆ ಉರಿಯಿತು. ಹೊಟ್ಟೆ ಮಾತ್ರ ಸುಮ್ಮನಿತ್ತು. ನಾಲ್ಕು ದಿನಕ್ಕೆ ರಕ್ತ ನಿಂತಿತು. ಹತ್ತು ದಿನಕ್ಕೆ ಕೋಲು ಬಿಟ್ಟು ನಡೆದೆ. ಕುಡುಗೋಲಿನ ಗಾಯದ ಬಾಯಿ ಕೂಡಿಕೊಂಡಿತು. ಹತ್ತು ದಿನದ ಹಿಂದೆ ಸಾಯಲು ಕೂತಿದ್ದವನು ಒಂದು ಹಣ್ಣಿನಿಂದ ಎದ್ದು ಕೂತಾಗ ಆಗುವ ಸಂತೋಷವನ್ನು ನಾನು ಬರೆಯಲಾರೆ. ಓಣಿಯಲ್ಲಿ ಎಲ್ಲರನ್ನೂ ಕರೆದು ಬಾಯಿ ತೆರೆದು ತೋರಿಸಿದೆ. ಮನೆಯಲ್ಲಿ ತೋರಿಸಿದಾಗ ನೀಲವ್ವ ನನ್ನ ವಸಡನ್ನು ಬಹಳ ಹೊತ್ತು ನೋಡಿದಳು.

“ನೀನೂ ಒಂದ ಹೋಳ ಚೀಪು,” ಎಂದಿದ್ದೆ ಒಮ್ಮೆ, ಸುಮ್ಮನೆ ಬಾಯಿಮಾತಿಗೆ.

“ಔಷಧರಿ ಅದು. ಒಬ್ಬರ ಔಷಧದಾಗ ಇನ್ನೊಬ್ಬರು ಕೈ ಹಾಕಿದರ ಅದರ ಗುಣ ಹೋಗತೈತಿ.”

ನಮ್ಮ ಹಿರಿಯರೆಲ್ಲ ಹಾಗೇ ನಡೆದವರು. ಗಂಡನಿಗೆ ಅರೆದ ಔಷಧದ ಕಲ್ಲನ್ನು ತೊಳೆದ ನೀರನ್ನೂ ಹೆಂಡತಿ ತುಳಿಯುತ್ತಿರಲಿಲ್ಲ. ನಿನ್ನೆಯವರೆಗೆ ಲಿಂಬೆಯಾಗಿದ್ದದ್ದು ಡಾಕ್ಟರರು ಹೆಸರು ಹೇಳಿದ ಮೇಲೆ ನಮ್ಮ ಮನೆಯಲ್ಲಿ ಔಷಧವಾಗಿತ್ತು. ಫಾತಿಮಾಬಿ ಎರಡರ ಜೊತೆ ಮೂರನೆಯದನ್ನು ಇಟ್ಟು ಹೋದರೆ ನೀಲವ್ವ ಅದನ್ನು ನನ್ನ ನಾಳೆಗೆ ಎತ್ತಿಡುತ್ತಿದ್ದಳು. ನಾನು ಸರಿ ಎಂದೆ. ಲಿಂಬೆಯೊಂದನ್ನು ಬಿಟ್ಟರೆ ಮನೆಯ ಅಡಿಗೆ ಇನ್ನೂ ಹಳೆಯ ಪಥ್ಯದ್ದೇ ಆಗಿತ್ತು.

ನಾನು ದಿನದಿನಕ್ಕೆ ಏಳುತ್ತಿದ್ದೆ, ಅವಳು ದಿನದಿನಕ್ಕೆ ಕುಸಿಯುತ್ತಿದ್ದಳು. ಕಾಲೆಳೆದು ನಡೆಯುವುದನ್ನು ಕಂಡು, “ನನ್ನ ರೋಗ ನಿನಗ ಬಿಟ್ಟುಕೊಟ್ಟೆನೇನು?” ಎಂದು ಚೇಷ್ಟೆ ಮಾಡಿದೆ. ನೀರು ಹೊತ್ತು ಸಾಕಾಗಿದೆ ಎಂದಳು, ನಂಬಿದೆ. ರೊಟ್ಟಿ ಬಿಟ್ಟು ಹಾಲಲ್ಲಿ ಕಲಸಿದ ಅನ್ನ ಮಾತ್ರ ನುಂಗುತ್ತಿದ್ದಳಂತೆ. ಅದೂ ಆಮೇಲೆ ತಿಳಿದದ್ದು.

ಒಂದು ದಿನ ಮಧ್ಯಾಹ್ನ ಫಾತಿಮಾಬಿ ಕಚೇರಿಗೇ ಓಡಿಬಂದಳು. ಬುಟ್ಟಿಯಿಲ್ಲದೆ ಅವಳನ್ನು ನಾನು ನೋಡಿದ್ದು ಅದೇ ಮೊದಲು.

“ಅಣ್ಣಾರ, ಮನಿಗೆ ನಡೀರಿ. ಅಕ್ಕ ಹೊಸ್ತಲದಾಗ ಬಿದ್ದಾಳ. ಎತ್ತಿ ಮಲಗಿಸೇನಿ. ಅಕೀ ಕಾಲು ನೋಡೀರೇನು ನೀವು? ಬಾಯಿ ನೋಡೀರೇನು?”

ಮನೆಗೆ ಹೋಗಿ ನೋಡಿದೆ. ಮೊಣಕಾಲಿನಿಂದ ಕೆಳಗೆ ನೇರಳೆಹಣ್ಣಿನ ಬಣ್ಣ. ಸೆರಗು ಸರಿಸಿದೆ. ನನ್ನ ಬಾಯಿಯೂ ಇಷ್ಟು ಕೆಟ್ಟಿರಲಿಲ್ಲ.

“ಯಾಕ ಹೇಳಲಿಲ್ಲ?” ಎಂದು ಚೀರಿದೆ.

“ನಿಮ್ಮದು ಪೂರಾ ಆರಾಮ ಆಗಲಿ ಅಂತ ಇದ್ದೆರಿ,” ಎಂದಳು. ಕಣ್ಣಲ್ಲಿ ನೀರಿತ್ತು. “ಗುಳಿಗಿ ಸ್ವಲ್ಪ ಅದಾವು, ಇಬ್ಬರಿಗೆ ಸಾಲೂದಿಲ್ಲ.”

ಗೋಕಾಕದ ಮೋಟಾರು ಮರುದಿನ ಮುಂಜಾನೆ. ಅಲ್ಲಿಯತನಕ ಕೈಕಟ್ಟಿ ಕೂರುವುದು ನನ್ನಿಂದಾಗಲಿಲ್ಲ. ನನ್ನ ಕಸುಬಿನ ಬುದ್ಧಿ ಎಂಥದ್ದೆಂದರೆ, ಒಂದು ಅರ್ಜಿಗೆ ಕಚೇರಿ ಮಿಸುಕದಿದ್ದರೆ ನಾಲ್ಕು ಅರ್ಜಿ ಹಾಕಬೇಕು. ನಾಲ್ಕು ದಿನಕ್ಕೆ ಆಗುವ ಗುಣ ಹೆಚ್ಚು ಕೊಟ್ಟರೆ ಒಂದು ದಿನಕ್ಕೆ ಆಗುತ್ತದೆ ಎಂದು ಲೆಕ್ಕ ಹಾಕಿದೆ. ಡಾಕ್ಟರರ ಮಾತು ನೆನಪಿತ್ತು. ಇತ್ತು ಎಂದೇ ಬರೆಯುತ್ತೇನೆ, ಮರೆತಿದ್ದೆ ಎಂದು ಬರೆದು ತಪ್ಪಿಸಿಕೊಳ್ಳುವುದಿಲ್ಲ. ಬಾಟಲಿಯಲ್ಲಿ ಉಳಿದ ಗುಳಿಗೆಗಳನ್ನೆಲ್ಲ ಪುಡಿಮಾಡಿದೆ. ಫಾತಿಮಾಬಿ ನಮ್ಮ ಬಾಗಿಲಲ್ಲೇ ಬಿಟ್ಟು ಓಡಿಬಂದಿದ್ದ ಬುಟ್ಟಿಯಲ್ಲಿನ ಹನ್ನೆರಡು ಲಿಂಬೆಯನ್ನೂ ಹಿಂಡಿದೆ.

“ಅಣ್ಣಾರ, ಇಷ್ಟ ಒಮ್ಮೆಲೆ ಬ್ಯಾಡರಿ. ಅಕೀ ಹೊಟ್ಟ್ಯಾಗ ಮುಂಜಾನಿಂದ ಏನೂ ಇಲ್ಲ,” ಎಂದಳು ಫಾತಿಮಾಬಿ.

ನಾನು ಕೇಳಲಿಲ್ಲ. ನೀಲವ್ವ ಕುಡಿದಳು. ವಸಡು ಉರಿದು ಮುಖ ಕಿವುಚಿದಾಗಲೂ ಬಟ್ಟಲು ಬಿಡಲಿಲ್ಲ. ಒಂದೂವರೆ ವರ್ಷದ ಮೇಲೆ ಅವಳ ನಾಲಿಗೆಗೆ ಹುಳಿ ಬಿದ್ದಿತ್ತು. “ಎಷ್ಟ ಛಲೋ ಐತ್ರಿ,” ಎಂದಳು.

ಮೊದಲು ವಾಂತಿ. ಸಂಜೆಗೆ ಜುಲಾಬು ಹತ್ತಿತು. ಫಾತಿಮಾಬಿ ಅವಳನ್ನು ಎತ್ತಿ ಇಳಿಸಿ, ಸೀರೆ ಒಗೆದು ಹಾಕಿ, ಅಲ್ಲೇ ಉಳಿದಳು. ಬೆಳಗಾಗುವ ಹೊತ್ತಿಗೆ ನೀಲವ್ವನ ಕಣ್ಣು ಒಳಗೆ ಹೋಗಿದ್ದವು. ಆದರೂ ಜುಲಾಬು ನಿಂತಿತ್ತು, ಮಾತಾಡುತ್ತಿದ್ದಳು. ಚಕ್ಕಡಿ ತಂದು ಬಾಗಿಲಿಗೆ ನಿಲ್ಲಿಸಿದೆ.

“ಸೀರಿ ಬದಲಿ ಮಾಡತೇನ್ರಿ. ಡಾಕ್ಟರ ಮುಂದ ಹಿಂಗ ಹ್ಯಾಂಗ ಬರಲಿ?” ಎಂದಳು.

ಎಬ್ಬಿಸಿ ಕೂರಿಸಿದೆವು. ನನ್ನ ಭುಜ ಹಿಡಿದು ನಿಂತಳು. “ಕಣ್ಣಿಗೆ ಕತ್ತಲಿ ಬಂತು,” ಎಂದಳು. ಭುಜದ ಮೇಲಿನ ಕೈ ಜಾರಿತು. ಫಾತಿಮಾಬಿ ಹಿಂದಿನಿಂದ ಹಿಡಿದುಕೊಂಡಳು, ಆದರೆ ಹಿಡಿದುಕೊಳ್ಳುವುದಕ್ಕೆ ಅಷ್ಟರಲ್ಲಿ ಏನೂ ಉಳಿದಿರಲಿಲ್ಲ. ಹೊರಗೆ ಎತ್ತುಗಳು ಕೊರಳು ಆಡಿಸುತ್ತ ನಿಂತಿದ್ದವು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಗೋಡೆಗೆ ಆನಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಹೂವು ಹಾಕಿದರು. ಸೆರಗು ಹಿಡಿದುಕೊಳ್ಳಲು ಅವಳ ಕೈ ಇರಲಿಲ್ಲ. ಬಂದವರೆಲ್ಲ ಅವಳ ಬಾಯಿ ನೋಡಿದರು. ಮೂಡಲಗಿಯಿಂದ ಬಂದ ಅವಳ ತಮ್ಮ ಅಕ್ಕನ ಮುಖವನ್ನು ನೋಡಿ, ನನ್ನ ಮುಖವನ್ನು ನೋಡಿ, ಕೊನೆಗೆ ಕೇಳಿದ: “ಮಾವಾರ, ನಿಮಗೂ ಹಿಂಗ ಆಗಿತ್ತಲ್ಲರಿ. ನಿಮಗ ಹ್ಯಾಂಗ ಆರಾಮಾತು?”

“ಲಿಂಬಿಹಣ್ಣಿನಿಂದ,” ಎಂದೆ.

ಅವನು ತಿರುಗಿ, ಅವಳನ್ನು ಕೂರಿಸಿ ಹೊರುವ ವಿಮಾನ ಕಟ್ಟುವವರ ಕಡೆಗೆ ಹೋದ. ಅಂದಿನಿಂದ ನನ್ನ ಮನೆಗೆ ಬಂದಿಲ್ಲ.

ಹದಿನೈದು ದಿನ ಕಳೆದ ಮೇಲೆ ನಾನು ಗೋಕಾಕಕ್ಕೆ ಹೋದೆ. ರೋಗ ತೋರಿಸುವುದಕ್ಕಲ್ಲ, ಒಂದೇ ಒಂದು ಪ್ರಶ್ನೆ ಕೇಳುವುದಕ್ಕೆ. ಅದೇ ಬಾಕಿನ ಮೇಲೆ ಸರದಿ ಕಾದೆ. ಈ ಸಲ ಯಾರೂ ಎದ್ದು ಹೋಗಲಿಲ್ಲ. ಪಕ್ಕದಲ್ಲಿದ್ದ ಹೆಂಗಸು ತನ್ನ ಕೂಸನ್ನು ನನ್ನ ತೊಡೆಯ ಮೇಲೆ ಕೂರಿಸಿ ಒಳಗೆ ಹೋದಳು. ಅಷ್ಟು ಗುಣವಾಗಿದ್ದೆ ನಾನು.

ಡಾಕ್ಟರರಿಗೆ ಎಲ್ಲ ಹೇಳಿದೆ. ಹನ್ನೆರಡು ಲಿಂಬೆ, ಗುಳಿಗೆಯ ಪುಡಿ, ವಾಂತಿ, ಜುಲಾಬು, ಚಕ್ಕಡಿ, ಸೀರೆ. “ನಾನ ಕೊಂದೆನೇನ್ರಿ?” ಎಂದು ಕೇಳಿದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಈ ರೋಗ ಬಲತಾಗ ಎದಿ ಸೋತಿರತೈತಿ. ಬಸ್ರಾದಾಗ ಹಾಸಿಗಿಯಿಂದ ಎದ್ದು ನಿಂತ ಸಿಪಾಯಿ ನಿಂತಲ್ಲೇ ಹೋದದ್ದನ್ನ ನಾ ಕಣ್ಣಾರೆ ನೋಡೇನಿ. ಅಕೀ ಮೈಯಾಗಿನ ನೀರು ಜುಲಾಬಿನಾಗ ಹೋತು, ಅದೂ ಖರೆ. ನೀವು ಹದಾ ಹಿಡಿದು ಕೊಟ್ಟಿದ್ದರ ಉಳೀತಿದ್ದಳೋ, ಇಲ್ಲೋ...” ಎಂದು ನಿಲ್ಲಿಸಿದರು. “ನನಗ ಹೇಳಾಕ ಬರೂದಿಲ್ಲ ತಮ್ಮಾ. ಬರತಿದ್ದರ ಹೇಳತಿದ್ದೆ.”

ಹೌದು ಎಂದಿದ್ದರೆ ಆ ಪಾಪ ಹೊತ್ತುಕೊಂಡು ಇರುತ್ತಿದ್ದೆ. ಇಲ್ಲ ಎಂದಿದ್ದರೆ ಒಂದು ದಿನವಾದರೂ ನಿದ್ದೆ ಬರುತ್ತಿತ್ತು. ಎರಡೂ ಸಿಗಲಿಲ್ಲ, ಇನ್ನು ಯಾರ ಹತ್ತಿರವೂ ಸಿಗುವುದಿಲ್ಲ. ಯಾವ ಕಚೇರಿಗೂ ಇದರ ಮೇಲೆ ಅಪೀಲು ಇಲ್ಲ.

ಬಂದದ್ದಕ್ಕೆ ಎಂದು ಅವರು ನನ್ನ ಬಾಯಿ ನೋಡಿದರು. ವಸಡು ಗಟ್ಟಿಯಾಗಿದೆ, ಇನ್ನು ಗುಳಿಗೆ ಬೇಕಿಲ್ಲ, ಹೆಚ್ಚು ಹುಳಿಯೂ ಬೇಕಿಲ್ಲ ಎಂದರು. ಒಬ್ಬ ಮನುಷ್ಯನಿಗೆ ದಿನಕ್ಕೆ ಅರ್ಧ ಲಿಂಬೆ, ಒಂದು ಹಿಡಿ ಹಸಿ ತೊಪ್ಪಲು ಇದ್ದರೆ ಧಾರಾಳವಾಯಿತಂತೆ.

ಫಾತಿಮಾಬಿ ಈಗಲೂ ದಿನಾ ಬುಟ್ಟಿ ಇಳಿಸುತ್ತಾಳೆ, ನೀರು ಕುಡಿಯುತ್ತಾಳೆ, ಒಂದು ಲಿಂಬೆ ಇಟ್ಟು ಹೋಗುತ್ತಾಳೆ. ಓಣಿಯ ಸುದ್ದಿ ಹೇಳುವುದನ್ನು ಬಿಟ್ಟಿದ್ದಾಳೆ. ನಾನು ಅರ್ಧ ಹಿಂಡಿಕೊಂಡು ಉಣ್ಣುತ್ತೇನೆ. ಉಳಿದ ಅರ್ಧ ತಾಟಿನ ಬಾಜೂಕ್ಕೆ ಇರುತ್ತದೆ, ಸಂಜೆಗೆ ಒಣಗುತ್ತದೆ.